ತಪ್ಪು ಮಾಡಿದ್ದು ನಾಯಿಗೆ ಗೊತ್ತಾಗುತ್ತಾ? ನಮ್ಮ ಮನೆಯ ರಿಮೋಟ್ ಪ್ರಕರಣ

ಜೋಡಿಬಾಲ:
ನಿನ್ನೆ ಬೆಳಗ್ಗೆ 11ಕ್ಕೆ ಮನೆಯವರೆಲ್ಲ ಹೊರಗೆ ಹೋಗಿದ್ದೆವು. ಎರಡೂವರೆಗೆ ನಾನೇ ಮೊದಲು ವಾಪಸ್ ಬಂದು ಬಾಗಿಲು ತೆಗೆದರೆ ಹಾಲ್ ತುಂಬಾ ಟಿವಿ ರಿಮೋಟು. ಹೌದು, ತುಂಬಾ. ಹಿಂದಿನ ಮುಚ್ಚಳ ಎರಡು ತುಂಡು, ರಬ್ಬರ್ ಬಟನ್ನುಗಳ ಹಾಳೆ ಸೋಫಾ ಕೆಳಗೆ, ಒಂದು ಸೆಲ್ಲು ಕಿಟಕಿ ಹತ್ತಿರ. ಇನ್ನೊಂದು ಸೆಲ್ಲು ಕಾಣಲಿಲ್ಲ. ನೆಲಕ್ಕೆ ಕೆನ್ನೆ ಒತ್ತಿಕೊಂಡು ಟಾರ್ಚ್ ಹಿಡಿದು ಹುಡುಕಿದೆ. ಕೊನೆಗೆ ಕಾಲೊರೆಸಿನ ಅಡಿಯಲ್ಲಿ ಸಿಕ್ಕಿತು. ಆಗ ಜೀವ ಬಂತು.

ನಮ್ಮಲ್ಲಿ ಇಬ್ಬರಿದ್ದಾರೆ. ಗುಂಡ, 8 ವರ್ಷದ ಲ್ಯಾಬ್ರಡಾರ್. ಚಿಟ್ಟೆ, 5 ತಿಂಗಳ ಹುಡುಗಿ, ತಳಿ ಯಾವುದು ಅಂತ ಅವಳಿಗೂ ಗೊತ್ತಿಲ್ಲ. ನಾನು ರಿಮೋಟಿನ ತುಂಡು ಎತ್ತಿ ಹಿಡಿದು "ಯಾರೋ ಇದು?" ಅಂದೆ. ಚಿಟ್ಟೆ ಬಾಲ ಅಲ್ಲಾಡಿಸಿಕೊಂಡು ಬಂದು ಆ ತುಂಡನ್ನೇ ಮೂಸಿದಳು. ಗುಂಡ ಮಾತ್ರ ಕಿವಿ ಹಿಂದಕ್ಕೆ ಒತ್ತಿಕೊಂಡು, ತಲೆ ತಗ್ಗಿಸಿ, ಕಣ್ಣಿನ ಬಿಳಿ ಕಾಣುವ ಹಾಗೆ ಓರೆನೋಟ ಬೀರುತ್ತ, ಬಾಲದ ತುದಿಯಷ್ಟನ್ನೇ ನೆಲಕ್ಕೆ ಪಟಪಟ ಬಡಿಯುತ್ತಿದ್ದ. ಸಿಕ್ಕಿಬಿದ್ದ ಕಳ್ಳನ ಮುಖ. ಚೆನ್ನಾಗಿ ಬೈದೆ. ರಾತ್ರಿ ಊಟದ ತನಕ ಮೇಜಿನ ಕೆಳಗಿಂದ ಹೊರಗೆ ಬರಲಿಲ್ಲ.

ಆಮೇಲೆ ನೆನಪಾಯಿತು. ನಾವಿಲ್ಲದಾಗ ಇವರು ಏನು ಮಾಡುತ್ತಾರೆ ನೋಡೋಣ ಅಂತ ತಂಗಿ ಹಳೆ ಫೋನನ್ನು ಕಪಾಟಿನ ಮೇಲೆ ಇಟ್ಟಿದ್ದಳು. ವಿಡಿಯೋ ನೋಡಿದರೆ, 11:40ಕ್ಕೆ ಚಿಟ್ಟೆ ಸೋಫಾ ಹತ್ತಿ, ರಿಮೋಟು ಎಳೆದು, ಮುಂಗಾಲುಗಳ ನಡುವೆ ನಿಲ್ಲಿಸಿಕೊಂಡು ಕಾಲು ಗಂಟೆ ಶ್ರದ್ಧೆಯಿಂದ ಕಡಿದಿದ್ದಾಳೆ. ಗುಂಡ ಒಂದೇ ಸಲ ಎದ್ದು ಬಂದ, ಮೂಸಿದ, ಒಮ್ಮೆ ನೆಕ್ಕಿದ, ಹೋಗಿ ಮಲಗಿದ. ಅಷ್ಟೇ.

ನನ್ನ ಪ್ರಶ್ನೆ: ಏನೂ ಮಾಡದವನು ಆ ಮುಖ ಯಾಕೆ ಮಾಡಿದ?

ಒಂಟಿಚಪ್ಪಲಿ:
ತಿಂದದ್ದು ಕೋತಿ, ಒರೆಸಿದ್ದು ಮೇಕೆ ಬಾಯಿಗೆ. ಪಾಪ ಗುಂಡ!

ಬೆಳಗಿನವಾಕು:
ಇದನ್ನೇ ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಅಲೆಕ್ಸಾಂಡ್ರಾ ಹೊರೊವಿಟ್ಜ್ ಅಂತ, ನಾಯಿಗಳ ಬುದ್ಧಿಯ ಬಗ್ಗೆ ಕೆಲಸ ಮಾಡುವ ವಿಜ್ಞಾನಿ. 2009ರಲ್ಲಿ ಪ್ರಕಟವಾದದ್ದು. 14 ನಾಯಿಗಳು. ಯಜಮಾನ ಒಂದು ತಿನಿಸು ತೋರಿಸಿ "ತಿನ್ನಬೇಡ" ಅಂತ ಹೇಳಿ ಕೋಣೆಯಿಂದ ಹೊರಗೆ ಹೋಗಬೇಕು. ಅವನು ಆಚೆ ಇದ್ದಾಗ ಕೆಲವು ಸಲ ನಾಯಿಗೆ ಅದು ಸಿಗುತ್ತಿತ್ತು, ಕೆಲವು ಸಲ ಇಲ್ಲ. ಯಜಮಾನ ವಾಪಸ್ ಬಂದಾಗ ನಾಯಿ ತಿಂದಿದೆಯೋ ಇಲ್ಲವೋ ಅಂತ ಹೇಳುತ್ತಿದ್ದರು, ಆದರೆ ಬೇಕಂತಲೇ ಕೆಲವು ಸಲ ಸುಳ್ಳು ಹೇಳುತ್ತಿದ್ದರು. ತಿಂದಿದೆ ಅಂದರೆ ಬೈಯಬೇಕು.

ತಪ್ಪಿತಸ್ಥ ಮುಖಕ್ಕೂ ನಾಯಿ ತಿಂದಿದೆಯೋ ಇಲ್ಲವೋ ಅನ್ನುವುದಕ್ಕೂ ಸಂಬಂಧ ಇರಲಿಲ್ಲ. ಬೈದರಾ ಇಲ್ಲವಾ, ಅದರ ಮೇಲೆ ಎಲ್ಲ. ಇನ್ನೂ ಒಂದಿದೆ. ಏನೂ ತಿನ್ನದೆ ಬೈಸಿಕೊಂಡ ನಾಯಿಗಳ ಮುಖವೇ ಜಾಸ್ತಿ ಬಾಡಿತ್ತಂತೆ. ನಿಮ್ಮ ಗುಂಡ ಅದೇ ಸಾಲಿನವನು. ಅದು "ತಪ್ಪಾಯ್ತು" ಅನ್ನುವ ಮುಖ ಅಲ್ಲ, "ಕೋಪ ಮಾಡ್ಕೋಬೇಡಿ" ಅನ್ನುವ ಮುಖ.

ಒಂಟಿಚಪ್ಪಲಿ:
ನಾನು ಒಪ್ಪಲ್ಲ. ನಮ್ಮ ಮನೆಯ ಹೆಣ್ಣುನಾಯಿ ನಾನು ಬಾಯಿ ತೆಗೆಯುವ ಮೊದಲೇ ಆ ಮುಖ ಮಾಡುತ್ತಾಳೆ. ದಿನಾ ಬಾಗಿಲಿಗೆ ಓಡಿ ಬರುವವಳು ಒಂದು ದಿನ ಬರಲಿಲ್ಲ ಅಂದರೆ ಒಳಗೆ ಏನೋ ಆಗಿದೆ ಅಂತಲೇ ಅರ್ಥ. ಹೋಗಿ ನೋಡಿದರೆ ದಿಂಬಿನ ಹತ್ತಿಯೆಲ್ಲ ಆಚೆ. ನಾನಿನ್ನೂ ನೋಡಿಯೇ ಇರಲ್ಲ, ಬೈದಿರಲ್ಲ, ಹೆಂಗೆ ಗೊತ್ತಾಯ್ತು ಅವಳಿಗೆ?

ಬೆಳಗಿನವಾಕು:
ಹಿಂದೆ ಎಷ್ಟು ಸಲ ಬೈದಿದ್ದೀರಿ? ಅವಳು ಕಲಿತ ಲೆಕ್ಕ ಇಷ್ಟೇ ಇರಬಹುದು: ನೆಲದ ಮೇಲೆ ಹತ್ತಿ ಇದೆ, ನೀವು ಬಂದಿರಿ, ಇನ್ನು ಕೂಗಾಟ ಶುರು. ಹತ್ತಿ ಎಳೆದದ್ದು ತಾನು, ಅದಕ್ಕೇ ಈ ಕೂಗಾಟ, ಅನ್ನುವ ಕೊಂಡಿ ಆ ಲೆಕ್ಕದಲ್ಲಿ ಇರಬೇಕಾಗಿಲ್ಲ. ಒಮ್ಮೆ ನೀವೇ ಒಂದು ಹಳೆ ದಿಂಬು ಹರಿದು ಹಾಕಿ, ಆಚೆ ಹೋಗಿ, ಬಂದು ನೋಡಿ.

ಒಂಟಿಚಪ್ಪಲಿ:
ನಮ್ಮ ಮನೆಯಲ್ಲಿ ಹರಿಯುವುದಕ್ಕೆ ದಿಂಬೇ ಉಳಿದಿಲ್ಲ ಸರ್. ನನ್ನ ಹೆಸರು ನೋಡಿದರೆ ಗೊತ್ತಾಗಲ್ವಾ? ಎರಡು ವರ್ಷದಲ್ಲಿ ಏಳು ಎಡಗಾಲಿನ ಚಪ್ಪಲಿ. ಎಡಗಾಲೇ ಯಾಕೆ ಅಂತ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ಗೊತ್ತಾಯಿತು, ನಾನು ಬಿಡುವಾಗ ಎಡಗಾಲಿನದು ಅವಳ ಚಾಪೆಯ ಕಡೆ ಬೀಳುತ್ತೆ. ಬಲಗಾಲಿನದು ತರಬೇಕಾದರೆ ನಾಲ್ಕು ಹೆಜ್ಜೆ ಜಾಸ್ತಿ ನಡೆಯಬೇಕು. ಅಷ್ಟೇ ಕಾರಣ! ಬಲಗಾಲಿನ ಏಳು ಚಪ್ಪಲಿ ಇನ್ನೂ ಇಟ್ಟುಕೊಂಡಿದ್ದೇನೆ, ಯಾಕೆ ಅಂತ ಕೇಳಬೇಡಿ.

ಪಶುವೈದ್ಯೆ:
ಕತೆ ನಡುವೆ ಒಂದು ಮಾತು. ಎರಡನೇ ಸೆಲ್ಲು ಸಿಕ್ಕಿದ್ದು ಒಳ್ಳೆಯದಾಯಿತು. ಅದರ ಮೇಲೆ ಹಲ್ಲಿನ ಗುರುತಿದೆಯಾ ನೋಡಿ. ತೂತು ಬಿದ್ದ ಸೆಲ್ಲಿನಿಂದ ಸೋರುವ ಕ್ಷಾರ ಬಾಯಿ, ನಾಲಿಗೆ, ಅನ್ನನಾಳ ಸುಡುತ್ತೆ, ಆ ಗಾಯ ಕೂಡಲೇ ಕಾಣದೆ ಕೆಲವು ಗಂಟೆ ಬಿಟ್ಟು ಕಾಣಬಹುದು. ಜೊಲ್ಲು ಸುರಿಸುವುದು, ಮೂತಿ ಉಜ್ಜಿಕೊಳ್ಳುವುದು, ಊಟ ಬಿಡುವುದು ಕಂಡರೆ ಕಾಯಬೇಡಿ. ಸೆಲ್ಲು ನುಂಗಿದೆ ಅನ್ನಿಸಿದರೆ ಮನೆಯಲ್ಲೇ ವಾಂತಿ ಮಾಡಿಸಲು ಹೋಗಬೇಡಿ, ಹೋದ ದಾರಿಯಲ್ಲೇ ವಾಪಸ್ ಬರುವಾಗ ಇನ್ನೊಮ್ಮೆ ಸುಡುತ್ತೆ. ನೇರ ಡಾಕ್ಟರ ಹತ್ತಿರ. ಬಟನ್ ಸೆಲ್ಲಂತೂ ಇನ್ನೂ ಅಪಾಯ.

ಚಿಟ್ಟೆಯನ್ನು ಬೈಯಬೇಡಿ. 5 ತಿಂಗಳು ಅಂದರೆ ಹಲ್ಲು ಬದಲಾಗುವ ಕಾಲ. ಮರಿಗೆ 28 ಹಾಲುಹಲ್ಲು, ಅವೆಲ್ಲ ಬಿದ್ದು 42 ಬರಬೇಕು, ಸುಮಾರು 7 ತಿಂಗಳಿಗೆ ಮುಗಿಯುತ್ತೆ. ವಸಡು ತುರಿಸುತ್ತಾ ಇರುತ್ತೆ. ಒದ್ದೆ ಬಟ್ಟೆಯನ್ನು ಹಗ್ಗದ ಹಾಗೆ ಹುರಿ ಮಾಡಿ ಫ್ರೀಜರಿನಲ್ಲಿ ಇಟ್ಟು ಕೊಡಿ, ನೀವು ಮುಂದೆ ಕೂತಿದ್ದಾಗ ಮಾತ್ರ.

ಜೋಡಿಬಾಲ:
ನೋಡಿದೆ ಡಾಕ್ಟ್ರೇ, ಸೆಲ್ಲುಗಳ ಮೇಲೆ ಗೀರೂ ಇಲ್ಲ. ಚಿಟ್ಟೆ ರಾತ್ರಿ ಎರಡು ಸಲ ಊಟ ಮಾಡಿದಳು, ಒಂದು ಅವಳದು, ಒಂದು ಗುಂಡ ಬಿಟ್ಟದ್ದು. ಗುಂಡ ಊಟ ಬಿಟ್ಟದ್ದು ಇದೇ ಮೊದಲು, ನನಗೆ ಹೊಟ್ಟೆ ಉರಿಯಿತು. ಬೆಳಗ್ಗೆ ಹೋಗಿ ಪಕ್ಕದಲ್ಲಿ ಕೂತು ತುಂಬಾ ಹೊತ್ತು ಕಿವಿ ಹಿಂದೆ ಕೆರೆದೆ. ಹಲ್ಲಿನ ಮಾತು ನಿಜ, ಮೊನ್ನೆ ಅಮ್ಮನ ಕಾಲಿಗೆ ಅಕ್ಕಿಕಾಳಿನಷ್ಟು ದೊಡ್ಡದೇನೋ ಚುಚ್ಚಿತು, ಎತ್ತಿ ನೋಡಿದರೆ ಚಿಟ್ಟೆಯ ಹಲ್ಲು.

ಹೊಸಬ:
ನಮ್ಮನೆಗೆ ಮರಿ ಬಂದು ಮೂರು ವಾರ ಆಯಿತು, ಗಂಡು, 11 ವಾರ. ಎರಡು ಡೌಟು. ಒಂದು, ಕೈ ಕಚ್ಚುವುದು. ಆಟಕ್ಕೇ ಕಚ್ಚುವುದು, ಆದರೆ ಸೂಜಿ ಹಲ್ಲು. ಎರಡು, ರಾತ್ರಿ ಎಂಟೂವರೆ ಆದರೆ ಸಾಕು, ಮೈಮೇಲೆ ಏನೋ ಬಂದ ಹಾಗೆ ಓಡುತ್ತಾನೆ. ಹಿಂದಿನ ಭಾಗ ನೆಲಕ್ಕೆ ತಗ್ಗಿಸಿ, ಬಾಲ ಕಾಲ ಸಂದಿಗೆ ಸಿಕ್ಕಿಸಿ, ಸೋಫಾ ಸುತ್ತ ಆರು ಸುತ್ತು, ತಿರುವಿನಲ್ಲಿ ಜಾರಿ ಗೋಡೆಗೆ ಢಬ್, ಮತ್ತೆ ಎದ್ದು ಉಲ್ಟಾ ಸುತ್ತು, ಆಮೇಲೆ ಸ್ವಿಚ್ ಆಫ್ ಮಾಡಿದ ಹಾಗೆ ಬಿದ್ದು ನಿದ್ದೆ. ಇದು ಕಾಯಿಲೆನಾ?

ಬೂದುಮೂತಿ:
ಕಾಯಿಲೆ ಅಲ್ಲ ಮಾರಾಯ್ರೆ, ಭಾಗ್ಯ. ಮೇಜಿನ ಚೂಪು ಮೂಲೆಗೆ ಒಂದು ಬಟ್ಟೆ ಕಟ್ಟಿ, ಕಾಲು ಮೇಲೆತ್ತಿ ಕೂತು ನೋಡಿ. ಅಷ್ಟು ಚಿಕ್ಕ ಮರಿಗಳು ಹಾಗೆಯೇ.

ಬೆಳಗಿನವಾಕು:
ಅದಕ್ಕೆ ಇಂಗ್ಲಿಷಿನಲ್ಲಿ ಝೂಮೀಸ್ ಅಂತಾರೆ. ಸ್ನಾನ ಆದ ಮೇಲೆ, ಮಲಗುವ ಮೊದಲು, ಬಹಳ ಹೊತ್ತು ಕಟ್ಟಿಹಾಕಿ ಬಿಟ್ಟ ಮೇಲೆ ಜಾಸ್ತಿ. ಹಿಡಿಯಲು ಹಿಂದೆ ಓಡಬೇಡಿ, ಆಟ ಅಂದುಕೊಂಡು ಇನ್ನೂ ಹತ್ತು ಸುತ್ತು ಹಾಕುತ್ತಾನೆ. ಕಚ್ಚುವುದಕ್ಕೂ ಅದೇ. ಕೈ ಫಟ್ ಅಂತ ಎಳೆದುಕೊಂಡರೆ ಓಡಿ ಹೋಗುವ ಆಟಿಕೆ ಆಗುತ್ತೆ ಕೈ. ಕಚ್ಚಿದ ಕೂಡಲೇ ಕಂಬದ ಹಾಗೆ ನಿಲ್ಲಿ, ಮಾತಿಲ್ಲ, ನೋಟ ಇಲ್ಲ. ಅರ್ಧ ನಿಮಿಷ ಬಿಟ್ಟು ಕಡಿಯುವುದಕ್ಕೆ ಬೇರೆ ಏನಾದರೂ ಕೊಟ್ಟು ಆಟ ಮುಂದುವರಿಸಿ. ಆದರೆ ಮನೆಯವರೆಲ್ಲ ಹಾಗೇ ಮಾಡಬೇಕು. ಒಬ್ಬರು ಕಂಬ, ಇನ್ನೊಬ್ಬರು "ಅಯ್ಯೋ ಚಿನ್ನ ಕಚ್ಚು ಕಚ್ಚು" ಅಂದರೆ ಅವನು ಕಲಿಯುವುದು ಯಾರ ಹತ್ತಿರ ಏನು ನಡೆಯುತ್ತೆ ಅನ್ನುವುದನ್ನು ಮಾತ್ರ.

ಹೊಸಬ:
ಆ "ಚಿನ್ನ ಕಚ್ಚು" ನಮ್ಮ ಅಜ್ಜಿ. ಅವರಿಗೆ ಯಾರು ಹೇಳೋದು.

ಪಶುವೈದ್ಯೆ:
ಚರ್ಮ ಹರಿದು ರಕ್ತ ಬಂದರೆ ಸುಮ್ನೆ ಒರೆಸಿಕೊಂಡು ಬಿಡಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಡಾಕ್ಟರಿಗೆ ತೋರಿಸಿ. ಮನೆಯ ಮರಿ, ನಮ್ಮ ಮರಿ ಅಂತ ಬಿಡುವ ವಿಷಯ ಅಲ್ಲ ಅದು. 11 ವಾರದ ಮರಿಗೆ ರೇಬೀಸ್ ಲಸಿಕೆ ಇನ್ನೂ ಆಗಿರಲಿಕ್ಕಿಲ್ಲ. ಅಜ್ಜಿಗೂ ಇದನ್ನೇ ಹೇಳಿ, ಡಾಕ್ಟ್ರು ಹೇಳಿದರು ಅಂತ ನನ್ನ ಮೇಲೆ ಹಾಕಿ.

ಬೂದುಮೂತಿ:
ಗುಂಡ, ಚಿಟ್ಟೆ, ಚಪ್ಪಲಿ ಎಲ್ಲ ಓದಿ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ನನ್ನವನಿಗೆ 14 ವರ್ಷ. ಕಿವಿ ಪೂರ್ತಿ ಹೋಗಿದೆ, ಕಣ್ಣು ಅರ್ಧ. ಒಂದು ಕಾಲದಲ್ಲಿ ಫ್ರಿಜ್ ಬಾಗಿಲು ತೆಗೆಯುತ್ತಿದ್ದ, ಹಿಡಿಕೆಗೆ ಹಗ್ಗ ಕಟ್ಟಿದರೆ ಹಗ್ಗ ಕಡಿಯುತ್ತಿದ್ದ. ಈಗ ರಾತ್ರಿ ಎದ್ದು ಗೋಡೆ ಮೂಲೆಗೆ ಮುಖ ಮಾಡಿ ನಿಂತಿರುತ್ತಾನೆ, ಮುಂದೆ ಹೋಗಬೇಕೋ ಹಿಂದೆ ಬರಬೇಕೋ ಗೊತ್ತಾಗದೆ. ಮನುಷ್ಯರಿಗೆ ವಯಸ್ಸಾದ ಮೇಲೆ ಮರೆವಿನ ಕಾಯಿಲೆ ಬರುತ್ತಲ್ಲ, ನಾಯಿಗಳಿಗೂ ಅಂಥದ್ದೇ ಬರುತ್ತಂತೆ. ನಾನು ಹೋಗಿ ಸೊಂಟಕ್ಕೆ ಕೈ ಕೊಟ್ಟು ತಿರುಗಿಸುತ್ತೇನೆ. ತಿರುಗಿ, ನನ್ನ ಮಣಿಕಟ್ಟು ಮೂಸಿ, ಓ ನೀನಾ ಅನ್ನುವ ಹಾಗೆ ಹೋಗಿ ಮಲಗುತ್ತಾನೆ. ತಂಟೆ ಇಲ್ಲ, ತಕರಾರಿಲ್ಲ. ಮನೆ ಅಷ್ಟು ನೀಟಾಗಿರುವುದು ಎಷ್ಟು ಬೇಜಾರು ಅಂತ ಈಗ ಗೊತ್ತಾಗಿದೆ.

ಆದರೆ ಕಳೆದ ವಾರ ಕೇಳಿ. ಮೇಜಿನ ತುದಿಯಲ್ಲಿ ಒಂದು ಪೂರ್ತಿ ಬ್ರೆಡ್ಡಿನ ಪ್ಯಾಕ್ ಇತ್ತು. ನಾನು ಫೋನಿನಲ್ಲಿ ಮಾತಾಡಿ ಬರುವಷ್ಟರಲ್ಲಿ ಇಲ್ಲ. ಇವನು ತನ್ನ ಚಾಪೆಯಲ್ಲಿ, ಮೂತಿ ತುಂಬಾ ಚೂರು, ಪ್ಲಾಸ್ಟಿಕ್ ಕವರು ಉದ್ದಕ್ಕೆ ಸೀಳಿ ಪಕ್ಕದಲ್ಲಿ. ಸೊಂಟ ನೋವಿನವನು ಅಷ್ಟೆತ್ತರ ಹೇಗೆ ಮುಂಗಾಲು ಇಟ್ಟ ಅಂತ ಇವತ್ತಿಗೂ ಗೊತ್ತಿಲ್ಲ. ನಾನು ಬೈಯಲಿಲ್ಲ. ಮನೆಯವರಿಗೆಲ್ಲ ಫೋನ್ ಮಾಡಿ ಹೇಳಿದೆ, ಮಗ ಪಾಸಾದ ಅಂತ ಹೇಳುವ ಹಾಗೆ.

ಪಶುವೈದ್ಯೆ:
ಓದಿ ಖುಷಿ ಆಯಿತು. ಆದರೂ ಕೇಳಲೇಬೇಕು, ಒಣದ್ರಾಕ್ಷಿ ಹಾಕಿದ ಬ್ರೆಡ್ ಅಲ್ಲ ತಾನೆ?

ಬೂದುಮೂತಿ:
ಅಲ್ಲ, ಸಾದಾ. ಯಾಕೆ?

ಪಶುವೈದ್ಯೆ:
ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿ ಕೆಡಿಸಬಹುದು. ಒಂದು ನಾಯಿಗೆ ಏನೂ ಆಗಲ್ಲ, ಇನ್ನೊಂದು ನಾಯಿಗೆ ನಾಲ್ಕು ಕಾಳಿಗೇ ಆಗಬಹುದು, ಇಷ್ಟು ತಿಂದರೆ ಪರವಾಗಿಲ್ಲ ಅನ್ನುವ ಅಳತೆ ಇಲ್ಲ. ಚಾಕೊಲೇಟಿನಲ್ಲಿ ಥಿಯೋಬ್ರೊಮಿನ್ ಇದೆ, ನಮ್ಮ ಮೈ ಅದನ್ನು ಬೇಗ ಕರಗಿಸುತ್ತೆ, ನಾಯಿಯದು ಬಹಳ ನಿಧಾನ. ಚಾಕೊಲೇಟು ಕಪ್ಪಾದಷ್ಟೂ ವಿಷ ಜಾಸ್ತಿ. ಈರುಳ್ಳಿ, ಬೆಳ್ಳುಳ್ಳಿ ಕೆಂಪು ರಕ್ತಕಣ ಒಡೆಯುತ್ತವೆ. ಜನರಿಗೆ ಗೊತ್ತೇ ಇಲ್ಲದ್ದು ಝೈಲಿಟಾಲ್, ಸಕ್ಕರೆ ಇಲ್ಲದ ಚೂಯಿಂಗ್ ಗಮ್ಮುಗಳಲ್ಲಿ ಹಾಕುವ ಸಿಹಿ. ನಾಯಿ ತಿಂದರೆ ಅರ್ಧ ಒಂದು ಗಂಟೆಯಲ್ಲೇ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿಯಬಹುದು. ಬ್ಯಾಗು ನೆಲದ ಮೇಲೆ ಇಡುವವರು ಜೇಬು ನೋಡಿಕೊಳ್ಳಿ.

ಒಂಟಿಚಪ್ಪಲಿ:
ಈಗಲೇ ಎದ್ದು ಬ್ಯಾಗು ನೇತುಹಾಕಿ ಬಂದೆ. ಇರಲಿ, ರಿಮೋಟಿನ ವಿಷಯಕ್ಕೆ ಬನ್ನಿ. ಸೋಫಾ ಮೇಲೆ ದಿಂಬು ಇರಲಿಲ್ಲವಾ? ಪುಸ್ತಕ ಇರಲಿಲ್ಲವಾ? ರಿಮೋಟೇ ಯಾಕೆ?

ಬೆಳಗಿನವಾಕು:
ವಾಸನೆ. ಚಪ್ಪಲಿ, ಕಾಲುಚೀಲ, ಕನ್ನಡಕ, ರಿಮೋಟು, ನಾಯಿ ಹಾಳು ಮಾಡುವುದೆಲ್ಲ ನಾವು ದಿನಾ ಮುಟ್ಟುವ ವಸ್ತುಗಳೇ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು 50-60 ಲಕ್ಷ, ನಾಯಿಗೆ 20 ಕೋಟಿಗೂ ಮೇಲೆ. ನಿಮ್ಮ ರಿಮೋಟು ಅದಕ್ಕೆ ಪ್ಲಾಸ್ಟಿಕ್ ಡಬ್ಬಿ ಅಲ್ಲ, ಮನೆಯವರೆಲ್ಲರ ಕೈ. ತಿಂಡಿ ತಿಂದ ಕೈಯಲ್ಲಿ ಮುಟ್ಟಿದ್ದರಂತೂ ಕೇಳುವುದೇ ಬೇಡ. ಗುಂಡ ಬಂದು ಒಮ್ಮೆ ನೆಕ್ಕಿ ಹೋದ ಅಂದಿರಲ್ಲ, ಸುಮ್ಮನೆ ಪ್ಲಾಸ್ಟಿಕ್ ಯಾರು ನೆಕ್ಕುತ್ತಾರೆ?

ಜೋಡಿಬಾಲ:
ಸಾಧ್ಯವೇ ಇಲ್ಲ. ಹಾಲ್‌ನಲ್ಲಿ ತಿನ್ನಬಾರದು ಅಂತ ಅಮ್ಮನ ಕಾನೂನು, ಅದೂ ಗುಂಡನ ಸಲುವಾಗಿಯೇ. ಆರು ತಿಂಗಳಲ್ಲಿ 33 ಕಿಲೋ ಇದ್ದವನು 36 ದಾಟಿದ್ದಾನೆ. ಊಟ ಅಳೆದು ಹಾಕುತ್ತೇವೆ, ವಾಕಿಂಗ್ ಒಂದು ದಿನ ತಪ್ಪಿಸಲ್ಲ. ನಾವು ತೋರಿಸುವ ಡಾಕ್ಟರು "ಮನೇಲಿ ಯಾರೋ ಕೊಡ್ತಿದ್ದಾರೆ" ಅಂದರು. ನಾಲ್ಕೂ ಜನ ಅವರ ಮುಂದೆಯೇ ಆಣೆ ಮಾಡಿದೆವು.

ಪಶುವೈದ್ಯೆ:
ನಾಲ್ಕೂ ಜನ ಆಣೆ ಮಾಡಿದ ಮನೆಯ ನಾಯಿಗಳೇ ನನ್ನ ಹತ್ತಿರ ಜಾಸ್ತಿ ಬರುವುದು. ಗುಂಡನ ತಪ್ಪೂ ಪೂರ್ತಿ ಅಲ್ಲ. ಕೇಂಬ್ರಿಜ್‌ನವರು 2016ರಲ್ಲಿ ಕಂಡುಹಿಡಿದ ಹಾಗೆ ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ಗೆ ಒಂದು ಜೀನಿನ ತುಂಡು ಇರುವುದಿಲ್ಲ. ಇಂಥವಕ್ಕೆ ಹಸಿವು ಜಾಸ್ತಿ, ತೂಕವೂ ಜಾಸ್ತಿ. ಕೊಟ್ಟಷ್ಟೂ ತಿನ್ನುತ್ತವೆ. ಆದರೆ ಕೊಡುವ ಕೈ ಒಂದು ಬೇಕಲ್ಲ.

ಒಂಟಿಚಪ್ಪಲಿ:
ಕೊಡದೆ ಇರುವುದು ಹೇಗೆ ಡಾಕ್ಟ್ರೇ, ಆ ಕಣ್ಣು ನೋಡಿ? ಒಳಹುಬ್ಬು ಮೇಲೆತ್ತಿ ನೋಡಿದರೆ ಮುಗೀತು.

ಬೆಳಗಿನವಾಕು:
ಆ ಹುಬ್ಬು ಎತ್ತುವುದಕ್ಕೆ ನಾಯಿಗೆ ಒಂದು ಸ್ನಾಯುವೇ ಇದೆ. 2019ರಲ್ಲಿ ತೋಳ ಮತ್ತು ನಾಯಿಯ ಮುಖದ ಸ್ನಾಯುಗಳನ್ನು ಕೊಯ್ದು ಹೋಲಿಸಿ ನೋಡಿದಾಗ ತೋಳಗಳಲ್ಲಿ ಅದು ಹೆಚ್ಚುಕಡಿಮೆ ಇಲ್ಲ. ನಮ್ಮ ಜೊತೆ ಇದ್ದೂ ಇದ್ದೂ ಬಂದದ್ದು ಅನ್ನುತ್ತಾರೆ. ಅಂದರೆ ಹುಬ್ಬು ಎತ್ತಿದವಕ್ಕೆ ನಮ್ಮ ಅಜ್ಜಂದಿರು ಊಟ ಹಾಕಿದ್ದಾರೆ. ಜೋಡಿಬಾಲ ಅವರೇ, ಫೋನನ್ನು ರಾತ್ರಿಯೂ ಇಟ್ಟು ನೋಡಿ.

ಜೋಡಿಬಾಲ:
ಇಟ್ಟೆ. ಎರಡು ರಾತ್ರಿ. ಕೋತಿ ಯಾರು ಅಂತ ಗೊತ್ತಾಯಿತು, ಆದರೆ ಆ ಪದ ಅವರ ಮುಂದೆ ಹೇಳುವ ಹಾಗಿಲ್ಲ.

ರಾತ್ರಿ 1:10. ಅಪ್ಪ ಬರುತ್ತಾರೆ, ನಿದ್ದೆ ಕಮ್ಮಿ ಅವರಿಗೆ. ಟಿವಿ ಹಾಕಿ ಸದ್ದು ಪೂರ್ತಿ ಇಳಿಸುತ್ತಾರೆ. ಕಪಾಟಿನ ದಪ್ಪ ನಿಘಂಟು ಸರಿಸಿ ಹಿಂದಿನಿಂದ ಬಿಸ್ಕತ್ತಿನ ಡಬ್ಬಿ ತೆಗೆಯುತ್ತಾರೆ. ಆ ನಿಘಂಟು ಅವರು ಓದುವುದು ನೋಡಿ ನನಗೆ ಹೆಮ್ಮೆ ಇತ್ತು. ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಇಬ್ಬರೂ ಮುಂದೆ ಹಾಜರು, ಸಾಲಾಗಿ ಕೂತು. ಚಿಟ್ಟೆಗೆ "ಕೂರು" ಅಂತ ಕಲಿಸಲು ನಾನು ಒಂದು ತಿಂಗಳು ಒದ್ದಾಡಿದ್ದೇನೆ, ಅಲ್ಲಿ ಬಾಯಿ ತೆಗೆಯದೆ ಕೂತಿದ್ದಾಳೆ. ಒಂದು ಬಿಸ್ಕತ್ತು, ಮೂರು ತುಂಡು. ಗುಂಡನಿಗೊಂದು, ಚಿಟ್ಟೆಗೊಂದು, ತಮಗೊಂದು. ಅದೇ ಕೈಯಲ್ಲಿ ಹೊಸ ರಿಮೋಟು ಹಿಡಿದು ಚಾನೆಲ್ ಬದಲಾವಣೆ. ಮತ್ತೆ ಒಂದು ಬಿಸ್ಕತ್ತು, ಮೂರು ತುಂಡು. ಆರು ಸುತ್ತು ಎಣಿಸಿದೆ. ಮುಗಿದ ಮೇಲೆ ಕೈ ಒರೆಸಿಕೊಂಡಿದ್ದು ಗುಂಡನ ಬೆನ್ನಿಗೆ.

ಬೂದುಮೂತಿ:
ನಿಮ್ಮ ತಂದೆಯವರಿಗೆ ನನ್ನದೊಂದು ನಮಸ್ಕಾರ ಹೇಳಿ.

ಪಶುವೈದ್ಯೆ:
ನನ್ನ ನಮಸ್ಕಾರ ಇಲ್ಲ. ಡಬ್ಬಿ ಖಾಲಿ ಮಾಡಿ, ದಿನದ ಊಟದಲ್ಲೇ ಒಂದು ಹಿಡಿ ತೆಗೆದು ಅದರಲ್ಲಿ ಹಾಕಿಡಿ. ರಾತ್ರಿ ಅವರು ಅದನ್ನೇ ಕೊಡಲಿ. ನಾಯಿಗಳಿಗೆ ಬೇಕಾದದ್ದು ಆ ಹೊತ್ತಿನ ಕೂಟ, ಬಿಸ್ಕತ್ತೇ ಆಗಬೇಕು ಅಂತಿಲ್ಲ.

ಹೊಸಬ:
ಅಪ್ಪನಿಗೆ ವಿಡಿಯೋ ತೋರಿಸಿದಿರಾ?

ಜೋಡಿಬಾಲ:
ಇವತ್ತು ಬೆಳಗ್ಗೆ ತಿಂಡಿ ಹೊತ್ತಿಗೆ, ಎಲ್ಲರೂ ಇದ್ದಾಗ. ಅಪ್ಪ ಫೋನು ನೋಡಿದರು, ಕಿಟಕಿ ನೋಡಿದರು, "ಆ ಕ್ಯಾಮೆರಾ ಸರಿ ಇಲ್ಲ" ಅಂದರು. ಅಮ್ಮ ಶುರು ಮಾಡಿದರು. ಡಾಕ್ಟರ ಮುಂದೆ ಮಾಡಿದ ಆಣೆಯಿಂದ ಹಿಡಿದು ನಿಘಂಟಿನ ತನಕ ಏನನ್ನೂ ಬಿಡಲಿಲ್ಲ. ಅಪ್ಪ ಆರಾಮಾಗಿ ತಿಂಡಿ ತಿನ್ನುತ್ತಾ ಕೂತಿದ್ದರು, ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ. ಕಿವಿ ಹಿಂದಕ್ಕೆ ಒತ್ತಿ, ತಲೆ ತಗ್ಗಿಸಿ, ಬಾಲದ ತುದಿ ಪಟಪಟ ಬಡಿದದ್ದು ಮೇಜಿನ ಕೆಳಗಿದ್ದ ಗುಂಡ. ಅಮ್ಮನ ದನಿ ಒಂದೊಂದು ಮೆಟ್ಟಿಲು ಏರಿದ ಹಾಗೂ ಇವನು ನೆಲಕ್ಕೆ ಇನ್ನಷ್ಟು ಅಂಟಿಕೊಂಡ. ಅಪ್ಪ ಯಾರಿಗೂ ಕಾಣದ ಹಾಗೆ ಕೆಳಗೆ ಕೈ ಬಿಟ್ಟು ಅವನ ತಲೆ ಸವರಿದರು.

ಒಂಟಿಚಪ್ಪಲಿ:
ಆ ಕೈಯಲ್ಲಿ ಏನಾದರೂ ಇತ್ತಾ?

ಜೋಡಿಬಾಲ:
ಮೇಜಿನ ಕೆಳಗೆ ಕ್ಯಾಮೆರಾ ಇಟ್ಟಿಲ್ಲ. ಚಿಟ್ಟೆ ಮಾತ್ರ ಕೂರು ಅನ್ನದೆಯೇ ಕೂತಿದ್ದಳು.